ಸಹಾಯ ಬೇಕು: ಟಾಟಾ ಇನ್‌ಸ್ಟಿಟ್ಯೂಟ್ ಓಪನ್ ಡೇಗೆ ಅಪ್ಪ, ಮಗಳ ಜೊತೆ

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನವರು. ಈ ಸಲ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ, IISc) ಓಪನ್ ಡೇಗೆ, ಅಂದರೆ ಲ್ಯಾಬ್‌ಗಳನ್ನು ಜನರಿಗೆ ತೆರೆದಿಡುವ ದಿನಕ್ಕೆ, ಅಪ್ಪನನ್ನೂ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಪ್ರತಿ ಫೆಬ್ರವರಿ 28ಕ್ಕೆ ಮಕ್ಕಳಿಗೆ ಸಿ.ವಿ. ರಾಮನ್ 1928ರಲ್ಲಿ ಬೆಳಕಿನ ಬಗ್ಗೆ ಕಂಡುಹಿಡಿದ ರಾಮನ್ ಪರಿಣಾಮದ ಕಥೆ ಹೇಳುತ್ತಿದ್ದರು. ರಾಮನ್ ನಿರ್ದೇಶಕರಾಗಿದ್ದ ಆ ಕ್ಯಾಂಪಸ್ಸಿನ ಒಳಗೆ ಮಾತ್ರ ಇದುವರೆಗೆ ಕಾಲಿಟ್ಟಿಲ್ಲ.

ಹಿಂದೊಮ್ಮೆ ನಾನು, ಎಂಟು ವರ್ಷದ ಮಗಳು ಇಬ್ಬರೇ ಹೋಗಿದ್ದೆವು. ತಲುಪಿದ್ದೇ ಹನ್ನೊಂದೂವರೆಗೆ. ಹೈವೋಲ್ಟೇಜ್ ಲ್ಯಾಬ್‌ನ ಕೃತಕ ಮಿಂಚು ನೋಡಲು ಸಾಲು ಎಷ್ಟು ಉದ್ದವಿತ್ತೆಂದರೆ ನೋಡದೇ ವಾಪಸ್ ಬಂದೆವು. ಅವಳು ಇವತ್ತಿಗೂ ಅದನ್ನೇ ಕೇಳುತ್ತಾಳೆ. ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಅದ್ದಿದ ಹೂವು ಗಾಜಿನ ಹಾಗೆ ಪುಡಿಯಾಗಿದ್ದನ್ನಂತೂ ಬೀದಿಗೆಲ್ಲ ಹೇಳಿಕೊಂಡು ಬಂದಳು!

ಹೋಗಿ ಬಂದವರು ದಯವಿಟ್ಟು ತಿಳಿಸಿ. ಮಿಂಚು ನೋಡಲು ಬೆಳಿಗ್ಗೆ ಎಷ್ಟು ಹೊತ್ತಿಗೆ ಅಲ್ಲಿರಬೇಕು? ಅಪ್ಪನಿಗೆ ಮಂಡಿ ನೋವು, ಜಾಸ್ತಿ ನಿಲ್ಲಲು ಆಗುವುದಿಲ್ಲ. ಕ್ಯಾಂಪಸ್ ದೊಡ್ಡದು ಅಲ್ವಾ, ಒಳಗೆ ಓಡಾಡಲು ಹಿರಿಯರಿಗೆ ಗಾಡಿ ಸಿಗುತ್ತಾ? ಬೆಳಕು, ಲೇಸರ್ ಪ್ರಯೋಗಗಳೆಂದರೆ ಅವರಿಗೆ ಪ್ರಾಣ. ಅದಕ್ಕೆ ಯಾವ ವಿಭಾಗಕ್ಕೆ ಹೋಗಬೇಕು? ಯಶವಂತಪುರದಲ್ಲಿ ರೈಲು ಇಳಿಯುತ್ತೇವೆ, ಯಾವ ಗೇಟು ಹತ್ತಿರ? ಊಟ ಕಟ್ಟಿಕೊಂಡೇ ಬರುತ್ತೇವೆ, ನೆರಳಲ್ಲಿ ಕೂರುವ ಜಾಗ ಹೇಳಿದರೆ ಸಾಕು.