ಕ್ಲೌಡ್ ಬೇಡ, ಎರಡೂ ಕಂಪ್ಯೂಟರಲ್ಲಿ ಅದೇ ಫೈಲ್ ಬೇಕು: ನೀವು ಹೇಗೆ ಮಾಡ್ತೀರಿ?

ಸಾಗರದಿಂದ, ಪ್ರಶ್ನೆ

ನಮಸ್ಕಾರ. ನಾನು ಹೈಸ್ಕೂಲ್ ಶಿಕ್ಷಕಿ. ಮನೆಯಲ್ಲಿ ವಿಂಡೋಸ್ ಡೆಸ್ಕ್‌ಟಾಪ್ ಇದೆ, ಶಾಲೆಗೆ ಒಯ್ಯೋದು ಉಬುಂಟು ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್. ಪ್ರಶ್ನೆಪತ್ರಿಕೆ, ಪಾಠದ ಟಿಪ್ಪಣಿ, ಊರಿನ ಅಜ್ಜಿಯರು ಹಾಡಿದ ಹಾಡುಗಳ ರೆಕಾರ್ಡಿಂಗ್ ಎಲ್ಲ ಸೇರಿ ಹತ್ತಿರ ಹತ್ತಿರ 80 ಜಿಬಿ. ನೆಟ್ ಅಂದ್ರೆ ಮೊಬೈಲ್ ಡೇಟಾ ಮಾತ್ರ. ಪ್ರಶ್ನೆಪತ್ರಿಕೆಗಳನ್ನ ಬೇರೆಯವರ ಸರ್ವರ್‌ನಲ್ಲಿ ಇಡೋಕೆ ಮನಸ್ಸೂ ಇಲ್ಲ. ಈಗ ಪೆನ್‌ಡ್ರೈವ್‌ನಲ್ಲಿ ಕಾಪಿ ಮಾಡ್ತಾ ಇದೀನಿ, ಯಾವುದು ಹೊಸದು ಯಾವುದು ಹಳೇದು ಅಂತ ತಿಳಿಯದ ಹಾಗಾಗಿದೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ

ಮೇಡಂ, ನಿಮಗೆ ಬೇಕಾಗಿರೋದು ಸಿಂಕ್‌ಥಿಂಗ್. ಉಚಿತ, ಮುಕ್ತ ತಂತ್ರಾಂಶ, ವಿಂಡೋಸ್ ಲಿನಕ್ಸ್ ಎರಡರಲ್ಲೂ ನಡೆಯುತ್ತೆ. ನಮ್ಮ ಮನೆಯ ಮೂರು ಯಂತ್ರಗಳು ವರ್ಷಗಳಿಂದ ಇದರಲ್ಲೇ ಇವೆ. ಫೈಲು ಒಂದು ಯಂತ್ರದಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತೆ, ಮಧ್ಯೆ ಯಾರ ಸರ್ವರ್‌ನಲ್ಲೂ ಉಳಿಯಲ್ಲ. ಎರಡೂ ಒಂದೇ ವೈಫೈನಲ್ಲಿದ್ದರೆ ನಿಮ್ಮ ಮೊಬೈಲ್ ಡೇಟಾ ಖರ್ಚಾಗಲ್ಲ. ನೆಟ್ ಸಂಪರ್ಕವೇ ಇಲ್ಲದ ಹಳೇ ರೂಟರ್ ಒಂದು ಮನೇಲಿ ಬಿದ್ದಿದ್ದರೆ ಅದೂ ಸಾಕು.

ಎರಡರಲ್ಲೂ ಇನ್‌ಸ್ಟಾಲ್ ಮಾಡಿ ಓಡಿಸಿದರೆ ಬ್ರೌಸರ್‌ನಲ್ಲಿ ಅದರ ಪುಟ ತೆರೆಯುತ್ತೆ. ಪ್ರತಿ ಯಂತ್ರಕ್ಕೂ ಉದ್ದನೆಯ ಡಿವೈಸ್ ಐಡಿ ಇರುತ್ತೆ. ಒಂದರ ಐಡಿಯನ್ನ ಇನ್ನೊಂದರಲ್ಲಿ ಸೇರಿಸಿ, ಆ ಕಡೆ ಒಪ್ಪಿಗೆ ಕೊಟ್ಟು, ಫೋಲ್ಡರ್ ಹಂಚಿಕೊಂಡರೆ ಆಯ್ತು. ಹೊರಗಿನ ದಾರಿ ಪೂರ್ತಿ ಬೇಡ ಅನ್ನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಗ್ಲೋಬಲ್ ಡಿಸ್ಕವರಿ (ನೆಟ್ ಮೂಲಕ ಯಂತ್ರ ಹುಡುಕೋದು), ರಿಲೇಯಿಂಗ್ (ನೇರ ದಾರಿ ಸಿಗದಾಗ ಮಧ್ಯದ ಸರ್ವರ್ ಮೂಲಕ ದಾಟಿಸೋದು) ಎರಡನ್ನೂ ಆಫ್ ಮಾಡಿ. ಆನ್ ಇದ್ದರೂ ಭಯ ಬೇಡ, ರಿಲೇ ಮೂಲಕ ಹೋಗುವಾಗಲೂ ಫೈಲು ಗೂಢಲಿಪಿಯಲ್ಲೇ ಇರುತ್ತೆ.

80 ಜಿಬಿಯನ್ನ ಮೊದಲ ಸಲ ವೈಫೈಯಲ್ಲಿ ಕಳಿಸಬೇಡಿ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಿಂದ ಎರಡೂ ಕಡೆ ಕಾಪಿ ಮಾಡಿಟ್ಟು ಆಮೇಲೆ ಜೋಡಿಸಿ. ಎರಡೂ ಕಡೆಯ ಫೈಲುಗಳನ್ನ ಅದು ತಾಳೆ ನೋಡಿ, ಒಂದೇ ಆಗಿರೋದನ್ನ ಮತ್ತೆ ಕಳಿಸಲ್ಲ.

ಇನ್ನೊಂದು ವಿಷಯವನ್ನ ಒತ್ತಿ ಹೇಳ್ತೀನಿ. ಇದು ಬ್ಯಾಕಪ್ ಅಲ್ಲ. ಲ್ಯಾಪ್‌ಟಾಪಲ್ಲಿ ಹಾಡು ಡಿಲೀಟ್ ಮಾಡಿದರೆ ಡೆಸ್ಕ್‌ಟಾಪಲ್ಲೂ ಹೋಗುತ್ತೆ. ಫೋಲ್ಡರಿನ ಸೆಟ್ಟಿಂಗ್ಸ್‌ನಲ್ಲಿ ಫೈಲ್ ವರ್ಷನಿಂಗ್ (ಅಳಿದ, ಬದಲಾದ ಫೈಲಿನ ಹಳೇ ಪ್ರತಿ ಉಳಿಸೋದು) ಅಂತಿದೆ, ಅದನ್ನ ಎರಡೂ ಕಡೆ ಆನ್ ಮಾಡಲೇಬೇಕು. ಯಾಕೆ ಎರಡೂ ಕಡೆ ಅಂದರೆ, ಆ ಕಡೆಯಿಂದ ಬಂದ ಬದಲಾವಣೆಯಿಂದ ಹೋದ ಫೈಲನ್ನ ಮಾತ್ರ ಈ ಕಡೆ ಉಳಿಸಿಕೊಳ್ಳುತ್ತೆ. ನೀವೇ ಕೂತ ಯಂತ್ರದಲ್ಲಿ ಅಳಿಸಿದ್ದನ್ನ ಆ ಯಂತ್ರ ಉಳಿಸಲ್ಲ, ಎದುರಿನದರಲ್ಲಿ ಹುಡುಕಬೇಕು. ಅಜ್ಜಿಯರ ಹಾಡನ್ನ ಮತ್ತೆ ರೆಕಾರ್ಡ್ ಮಾಡೋಕೆ ಆಗುತ್ತೋ ಇಲ್ವೋ. ಅದರದ್ದೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಯಾವುದಕ್ಕೂ ಜೋಡಿಸದೆ, ಬೀರುವಿನಲ್ಲಿ ಇರಲಿ.

ಹುಬ್ಬಳ್ಳಿಯಿಂದ

ಮೇಲಿನವರು ಹೇಳಿದ್ದು ಸರಿ, ಆದರೆ ಎರಡೂ ಯಂತ್ರ ಒಂದೇ ಹೊತ್ತಿಗೆ ಆನ್ ಇರಬೇಕು. ನಮ್ಮಲ್ಲಿ ಅದು ಆಗಲ್ಲ. ನಾನು ಹಾರ್ಡ್‌ಡಿಸ್ಕನ್ನೇ ನಡುವೆ ಇಟ್ಟುಕೊಂಡು ಫ್ರೀಫೈಲ್‌ಸಿಂಕ್ ಅನ್ನೋ ತಂತ್ರಾಂಶ ಬಳಸ್ತೀನಿ. ಏನು ಎಲ್ಲಿಗೆ ಹೋಗುತ್ತೆ, ಏನು ಅಳಿಯುತ್ತೆ ಅಂತ ಮೊದಲೇ ಪಟ್ಟಿ ತೋರಿಸುತ್ತೆ, ಆ ಪಟ್ಟಿ ಓದಿಯೇ ಸಿಂಕ್ ಒತ್ತೋದು. ಡಿಸ್ಕನ್ನ ಎಕ್ಸ್‌ಫ್ಯಾಟ್‌ಗೆ (ಎರಡೂ ಯಂತ್ರ ಓದೋ ಡಿಸ್ಕ್ ವಿನ್ಯಾಸ) ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಆದರೆ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಫೈಲು ಹಿಡಿಸಲ್ಲ, ವಿಡಿಯೋ ಇದ್ದರೆ ಅಲ್ಲೇ ನಿಲ್ಲುತ್ತೆ.

ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಇಟ್ಟುಕೊಂಡವರು ಇದನ್ನ ಓದ್ತಿದ್ದರೆ: ಕಂಪನಿ ಡೇಟಾ ಇರೋ ಫೋಲ್ಡರನ್ನ ಯಾವ ಸಿಂಕಿಗೂ ಹಾಕಬೇಡಿ. ತೆರೆದಿಟ್ಟ ಡೇಟಾಬೇಸ್ ಅರ್ಧಂಬರ್ಧ ಕಾಪಿ ಆದರೆ ಕೆಡುತ್ತೆ. ಟ್ಯಾಲಿಯದ್ದೇ ಬ್ಯಾಕಪ್, ರಿಸ್ಟೋರ್ ಬಳಸಿ.

ಬೆಂಗಳೂರಿನಿಂದ

ಮೇಡಂ, ನಿಮ್ಮ ಫೈಲುಗಳ ಹೆಸರು ಕನ್ನಡದಲ್ಲಿ ಇವೆಯಾ? ಇದ್ದರೆ ಇದನ್ನ ಓದಿ, ಯಾರೂ ಮೊದಲೇ ಹೇಳಲ್ಲ.

ಉಬುಂಟುವಿನಲ್ಲಿ ಒಂದು ಫೈಲಿನ ಹೆಸರು 255 ಬೈಟ್ (ಕಂಪ್ಯೂಟರಲ್ಲಿ ಜಾಗ ಅಳೆಯೋ ಚಿಕ್ಕ ಅಳತೆ) ಮೀರಬಾರದು. ವಿಂಡೋಸ್‌ನಲ್ಲಿಯೂ 255ರ ಮಿತಿ ಇದೆ, ಆದರೆ ಅಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಒಂದೊಂದಾಗಿ ಲೆಕ್ಕ. ಉಬುಂಟುವಿನಲ್ಲಿ ಅದೇ ಚಿಹ್ನೆ 3 ಬೈಟ್ ತಿನ್ನುತ್ತೆ, ಒತ್ತಕ್ಷರ, ಸ್ವರಚಿಹ್ನೆ ಎಲ್ಲ ಬೇರೆ ಬೇರೆ. "ಸ್ತ್ರೀ" ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಚಿಹ್ನೆ, 18 ಬೈಟ್. ಹಾಡಿನ ಮೊದಲ ಸಾಲು, ಹಾಡಿದವರ ಹೆಸರು, ಊರು, ತಾರೀಖು ಎಲ್ಲ ಸೇರಿಸಿ ವಿಂಡೋಸ್‌ನಲ್ಲಿ ಹೆಸರಿಟ್ಟರೆ ಅಲ್ಲಿ ಉಳಿಯುತ್ತೆ, ಲ್ಯಾಪ್‌ಟಾಪಿಗೆ ಬರಲ್ಲ. ಎಕ್ಸ್‌ಟೆನ್ಷನ್ ಸೇರಿ 80 ಚಿಹ್ನೆಯೊಳಗೆ ಮುಗಿಸಿ. ಉಬುಂಟುವಿನಲ್ಲಿ ಹೆಸರಿಡುವಾಗ ಕೋಲನ್, ಪ್ರಶ್ನಾರ್ಥಕ ಹಾಕಬೇಡಿ, ಅವನ್ನ ವಿಂಡೋಸ್ ಒಪ್ಪಲ್ಲ.

ಮುಂದೆ ಮ್ಯಾಕ್ ಸೇರಿಸೋ ಯೋಚನೆ ಇದ್ದರೆ ಇನ್ನೊಂದು ತೊಡಕು. ಹಳೇ ಮ್ಯಾಕ್ ಡಿಸ್ಕುಗಳು "ಕೋ" ಅನ್ನೋದರ ಸ್ವರಚಿಹ್ನೆಯನ್ನ ಬಿಡಿಸಿ ಮೂರು ತುಂಡಾಗಿ ಇಡ್ತವೆ. ಲಿನಕ್ಸಿಗೆ ಅದು ಬೇರೆಯೇ ಹೆಸರು, ನೋಡೋಕೆ ಒಂದೇ ಥರದ ಎರಡು ಫೈಲು ಕಾಣಿಸುತ್ತೆ. ಸಿಂಕ್‌ಥಿಂಗ್ ತಾನಾಗೇ ಸರಿಮಾಡುತ್ತೆ. ಆರ್‌ಸಿಂಕ್ ಅನ್ನೋ ಕಾಪಿ ಕಮಾಂಡ್ ಬಳಸುವವರು ಹೆಸರಿನ ಸಂಕೇತ ಬದಲಿಸೋ ಐಕಾನ್ವ್ ಆಯ್ಕೆಯನ್ನ ತಾವೇ ಕೊಡಬೇಕು.

ಸಾಗರದಿಂದ

ತುಂಬಾ ಉಪಕಾರ ಆಯ್ತು ಎಲ್ಲರಿಂದ. ಹೆಸರುಗಳೆಲ್ಲ ಕನ್ನಡದಲ್ಲೇ ಇವೆ ಸರ್, ಉದ್ದವೂ ಇವೆ, ಈಗಲೇ ಮೊಟಕು ಮಾಡ್ತೀನಿ. ಒಂದು ಅನುಮಾನ. ಶಾಲೆಯಲ್ಲಿ ಟಿಪ್ಪಣಿ ತಿದ್ದಿರ್ತೀನಿ, ಅಷ್ಟರಲ್ಲಿ ಮನೆಯಲ್ಲಿ ಮಗಳು ಅದೇ ಫೈಲು ತಿದ್ದಿದ್ದರೆ?

ಮೈಸೂರಿನಿಂದ

ಎರಡೂ ಉಳಿಯುತ್ತೆ ಮೇಡಂ. ಕೊನೆಗೆ ತಿದ್ದಿದ್ದು ಅದೇ ಹೆಸರಲ್ಲಿ ಇರುತ್ತೆ, ಇನ್ನೊಂದಕ್ಕೆ ಸಿಂಕ್ ಕಾನ್‌ಫ್ಲಿಕ್ಟ್ ಅಂತ, ಜೊತೆಗೆ ತಾರೀಖು ಸಮಯ ಸೇರಿಸಿ ಪಕ್ಕದಲ್ಲೇ ಇಡುತ್ತೆ. ಎರಡನ್ನೂ ತೆರೆದು, ಬೇಕಾದ್ದನ್ನ ಒಂದರೊಳಗೆ ಸೇರಿಸಿ, ಕಾನ್‌ಫ್ಲಿಕ್ಟ್ ಫೈಲನ್ನ ನೀವೇ ಅಳಿಸಬೇಕು. ಎರಡೂ ಯಂತ್ರಗಳ ಗಡಿಯಾರ ಸರಿಯಾಗಿರಲಿ, ಯಾವುದು ಕೊನೆಯದು ಅಂತ ನಿರ್ಧಾರ ಆಗೋದು ಅದರ ಮೇಲೆ. ನೆಟ್ ಇಲ್ಲದೆ ಇಟ್ಟಿರೋ ಹಳೇ ಡೆಸ್ಕ್‌ಟಾಪಿನ ಬೋರ್ಡಿನ ಬ್ಯಾಟರಿ ಸತ್ತಿದ್ದರೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿರುತ್ತೆ, ಜೋಡಿಸೋ ಮೊದಲು ಅದನ್ನೊಮ್ಮೆ ನೋಡಿಕೊಳ್ಳಿ.