ಕಾಡಿಲಿ–ಉಣುಗು ಮಾಡೆಲ್: ಆರ್‌ನಾಟ್ ಇಷ್ಟು ಜಾಸ್ತಿ ಬರುವುದೇಕೆ?

ಪ್ರಶ್ನೆ:
ಲೈಮ್ ರೋಗದ ಬ್ಯಾಕ್ಟೀರಿಯಾ ಬೊರೀಲಿಯಾ ಕಾಡಿಲಿ ಮತ್ತು ಉಣುಗುಗಳ ನಡುವೆ ಹರಡುವ ಬಗೆಗೆ ಮಾಡೆಲ್ ಕಟ್ಟುತ್ತಿದ್ದೇನೆ. ಬೋನಿಗೆ ಬಿದ್ದ ಇಲಿಗಳ ಮೈಮೇಲೆ ಸರಾಸರಿ 10 ಲಾರ್ವಾ (ಮೊಟ್ಟೆಯೊಡೆದು ಬಂದ ಮರಿ ಉಣುಗು) ಇವೆ. ಅದನ್ನೇ ದಿನಕ್ಕೆ 10 ಕಡಿತ ಅಂತ ಹಾಕಿದ್ದೇನೆ. ಆರ್‌ನಾಟ್ (ಒಂದು ಸೋಂಕಿತ ಇಲಿಯಿಂದ ಸರಾಸರಿ ಎಷ್ಟು ಹೊಸ ಇಲಿಗಳಿಗೆ ಸೋಂಕು ದಾಟುತ್ತದೆ ಅನ್ನುವ ಸಂಖ್ಯೆ) 5.76 ಬರುತ್ತಿದೆ. ಹುಲ್ಲು-ಪೊದೆಯ ಮೇಲೆ ಬಟ್ಟೆ ಎಳೆದು ಹಿಡಿದ ನಿಂಫ್‌ಗಳಲ್ಲಿ (ಲಾರ್ವಾದ ಮುಂದಿನ ಹಂತ) ಸೋಂಕು ಅಷ್ಟಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ 1:
10 ಅನ್ನುವುದು ಎಣಿಸಿದ ಹೊತ್ತಿಗೆ ಮೈಮೇಲಿದ್ದ ಸಂಖ್ಯೆ, ದಿನದ ದರವಲ್ಲ. ಲಾರ್ವಾ ಸುಮಾರು 4 ದಿನ ಕಚ್ಚಿಕೊಂಡಿರುತ್ತದೆ ಅಂತಿಟ್ಟರೆ ದರ 10 ÷ 4 = 2.5. ಉಣುಗು ಸೊಳ್ಳೆಯಲ್ಲ; ಲಾರ್ವಾಕ್ಕೆ ಒಂದು ಊಟ, ನಿಂಫ್‌ಗೆ ಒಂದು. ಮೊಟ್ಟೆಯೊಡೆದು ಬಂದ ಲಾರ್ವಾದಲ್ಲಿ ಬೊರೀಲಿಯಾ ಬಹುತೇಕ ಇರುವುದಿಲ್ಲ, ಹಾಗಾಗಿ ನಿಂಫ್‌ನ ಸೋಂಕೆಲ್ಲ ಆ ಮೊದಲ ಊಟದಿಂದಲೇ ಬರಬೇಕು.

ಉದಾಹರಣೆಗೆ, ಸೋಂಕಿತ ಇಲಿ 60 ದಿನ ಬದುಕಿದರೆ 150 ಲಾರ್ವಾ ಉಣ್ಣುತ್ತವೆ. ಸೋಂಕು ತಗಲುವ ಸಾಧ್ಯತೆ 0.8 ಆದರೆ 120. ಅವುಗಳಲ್ಲಿ 0.05 ಭಾಗ ನಿಂಫ್ ಆಗಿ ಆತಿಥೇಯ ಪ್ರಾಣಿಯನ್ನು ಹಿಡಿದರೆ 6. ಆ 6ರಲ್ಲಿ ಇಲಿಗೇ ಹತ್ತುವ ಪಾಲು 0.3, ಇಲಿಗೆ ದಾಟುವ ಸಾಧ್ಯತೆ 0.8. ಒಟ್ಟು 1.44. ನಿಮ್ಮದು ಇದರ ಸರಿಯಾಗಿ 4 ಪಟ್ಟು.

ಕಿವಿಯಲ್ಲಿ ಮಾತ್ರ ಎಣಿಸಿದ್ದರೆ 10 ಕೂಡ ಕಡಿಮೆಯೇ. ತಂತಿ ತಳದ ಪಂಜರದಲ್ಲಿ ಇಲಿಯನ್ನು ಇಟ್ಟು, ಕೆಳಗಿನ ನೀರಿನ ತಟ್ಟೆಗೆ ಉದುರುವ ರಕ್ತ ತುಂಬಿದ ಲಾರ್ವಾಗಳನ್ನು ದಿನವೂ ಎಣಿಸಿ. ದರ ನೇರವಾಗಿ ಸಿಗುತ್ತದೆ.

ಉತ್ತರ 2:
ನೆಕ್ಸ್ಟ್ ಜನರೇಶನ್ ಮ್ಯಾಟ್ರಿಕ್ಸ್‌ನಿಂದ (ಯಾರಿಂದ ಯಾರಿಗೆ ಎಷ್ಟು ಸೋಂಕು ಅನ್ನುವ ಕೋಷ್ಟಕದಿಂದ) ಆರ್‌ನಾಟ್ ತೆಗೆದರೆ ಇದೇ ಮಾಡೆಲ್ 1.2 ಕೊಡುತ್ತದೆ. ಗಾಬರಿ ಬೇಡ, ಅದು 1.44ರ ವರ್ಗಮೂಲ: ಇಲಿಯಿಂದ ಉಣುಗಿಗೆ, ಉಣುಗಿನಿಂದ ಇಲಿಗೆ ಎರಡು ತಲೆಮಾರು. ಆದರೆ ಇಲಿಗಳಿಗೆ ಲಸಿಕೆಯ ಲೆಕ್ಕ ಹಾಕುವಾಗ 1.44ನ್ನೇ ಬಳಸಿ. 1 − 1/1.44, ಅಂದರೆ ಸುಮಾರು ಶೇ 31 ಇಲಿಗಳಿಗೆ ರಕ್ಷಣೆ ಬೇಕು. 1.2 ಹಾಕಿದರೆ ಶೇ 17 ಬರುತ್ತದೆ, ಅಷ್ಟರಿಂದ ರೋಗ ನಿಲ್ಲುವುದಿಲ್ಲ.

ಉತ್ತರ 3:
ಸರಾಸರಿಯನ್ನೇ ನಂಬಿದರೆ ಉಲ್ಟಾ ತಪ್ಪೂ ಆಗುತ್ತದೆ. ಉಣುಗುಗಳು ಕೆಲವೇ ಇಲಿಗಳ ಮೇಲೆ ಗುಂಪುಗೂಡುತ್ತವೆ. ಲಾರ್ವಾ, ನಿಂಫ್ ಎರಡೂ ಅವೇ ಇಲಿಗಳಿಗೆ ಹತ್ತಿದರೆ ಆರ್‌ನಾಟ್ (1 + 1/ಕೆ) ಪಟ್ಟು ಏರುತ್ತದೆ. ಕೆ ಅಂದರೆ ನೆಗೆಟಿವ್ ಬೈನೋಮಿಯಲ್ ಅನ್ನುವ ಸಂಖ್ಯಾಶಾಸ್ತ್ರದ ಹಂಚಿಕೆಯಲ್ಲಿ ಗುಂಪುಗಾರಿಕೆಯ ಅಳತೆ; ಕೆ ಕಡಿಮೆಯಾದಷ್ಟೂ ಗುಂಪುಗಾರಿಕೆ ಹೆಚ್ಚು. ಕೆ 0.5 ಇದ್ದರೆ ಮೂರು ಪಟ್ಟು!

ಋತುಮಾನವನ್ನೂ ಸೇರಿಸಿ. ನಿಂಫ್ ಮೊದಲು, ಲಾರ್ವಾ ಆಮೇಲೆ ಬಂದರೆ ಮಾತ್ರ ಸೋಂಕು ಚೆನ್ನಾಗಿ ದಾಟುತ್ತದೆ. 60 ದಿನ ಅಂತ ಸ್ಥಿರವಾಗಿ ಇಡುವ ಬದಲು, ನಿಂಫ್ ಕಚ್ಚಿದ ಇಲಿ ಲಾರ್ವಾ ಏಳುವವರೆಗೆ ಬದುಕಿ ಉಳಿಯುವ ಸಾಧ್ಯತೆಯನ್ನು ಹಾಕಿ.