ಸಹಾಯ ಬೇಕು: ಹಳೆಯ ಲೇತಿನ ಕ್ರಾಸ್ ಸ್ಲೈಡ್ ನಟ್ಟನ್ನು ನಾವೇ ಮಾಡಿಕೊಳ್ಳುವ ಬಗೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿಸಿದ ಆರು ಅಡಿಯ ಲೇತೊಂದು (ಲೋಹದ ತುಂಡನ್ನು ತಿರುಗಿಸಿ ಕತ್ತರಿಸುವ ಯಂತ್ರ) ಹುಬ್ಬಳ್ಳಿಯ ನಮ್ಮ ವರ್ಕ್‌ಶಾಪಿನಲ್ಲಿದೆ. ಅದರ ಕ್ರಾಸ್ ಸ್ಲೈಡಿನ (ಕತ್ತರಿಸುವ ಟೂಲನ್ನು ಹೊತ್ತು ಅಡ್ಡಲಾಗಿ ಸರಿಯುವ ಭಾಗ) ಹಿಡಿಯನ್ನು ಹಿಂದಕ್ಕೆ ತಿರುಗಿಸಿದರೆ, ಡಯಲಿನ 100 ಗೆರೆಗಳಲ್ಲಿ ಸುಮಾರು 40 ದಾಟುವವರೆಗೆ ಟೂಲ್ ಪೋಸ್ಟ್ ಕದಲುವುದೇ ಇಲ್ಲ. ಹಿಡಿಯೊಂದಿಗೆ ತಿರುಗುವ ಸ್ಕ್ರೂವಿನ ಪಿಚ್ (ಒಂದು ಸುತ್ತಿಗೆ ಸ್ಲೈಡ್ ಸರಿಯುವ ದೂರ) 5 ಮಿ.ಮೀ. ಇರುವುದರಿಂದ ಇದು 2 ಮಿ.ಮೀ.ನಷ್ಟು ಸಡಿಲ. ಹಿಡಿಯ ಹಿಂದಿನ ವಾಷರ್ ಬದಲಿಸಿ, ಗಿಬ್ (ಸ್ಲೈಡಿನ ಬದಿಯ ಸಡಿಲು ತೆಗೆಯುವ ಪಟ್ಟಿ) ಬಿಗಿ ಮಾಡಿದರೂ ಹೆಚ್ಚೇನೂ ಸುಧಾರಿಸಲಿಲ್ಲ. ಬಿಚ್ಚಿ ನೋಡಿದಾಗ ಸ್ಕ್ರೂ ಮೇಲೆ ಸರಿದು ಸ್ಲೈಡನ್ನು ಎಳೆಯುವ ಗನ್‌ಮೆಟಲ್ (ಒಂದು ಬಗೆಯ ಕಂಚು) ನಟ್ಟಿನ ಥ್ರೆಡ್‌ಗಳು ಬ್ಲೇಡಿನ ಅಂಚಿನಂತೆ ತೆಳ್ಳಗಾಗಿದ್ದವು.

ಹೊಸ ಲೇತ್ ಕೊಳ್ಳುವಂತೆ ಹಲವರು ಹೇಳಿದರು. ಹೆಡ್‌ಸ್ಟಾಕಿನ (ಕೆಲಸದ ತುಂಡನ್ನು ತಿರುಗಿಸುವ ಭಾಗ) ಬೇರಿಂಗು, ಗೇರುಗಳು ಇನ್ನೂ ಗಟ್ಟಿಯಾಗಿರುವಾಗ, ಮುಷ್ಟಿಯಲ್ಲಿ ಹಿಡಿಸುವ ಒಂದು ನಟ್ಟಿಗಾಗಿ ಯಂತ್ರವನ್ನೇ ಗುಜರಿಗೆ ಹಾಕಲು ನನಗೆ ಮನಸ್ಸಿಲ್ಲ.

ಸ್ಕ್ರೂ 22 ಮಿ.ಮೀ. ವ್ಯಾಸದ, ಎಡಗೈ ಟ್ರೆಪಿಜಾಯ್ಡಲ್ (ಇಳಿಜಾರು ಬದಿಯ, ಚಪ್ಪಟೆ ತುದಿಯ) ಥ್ರೆಡ್ಡಿನದು. ಇದಕ್ಕೆ ಹೊಂದುವ ಸಿದ್ಧ ಟ್ಯಾಪ್ (ಒಳಗಿನ ಥ್ರೆಡ್ ಕತ್ತರಿಸುವ ಉಪಕರಣ) ನನಗೆ ಪೇಟೆಯಲ್ಲಿ ಸಿಗಲಿಲ್ಲ. ಸಿಲ್ವರ್ ಸ್ಟೀಲಿನಲ್ಲಿ (ಹದ ಹಾಕಿ ಗಟ್ಟಿ ಮಾಡಬಹುದಾದ ಉಕ್ಕು) ನಾನೇ ಟ್ಯಾಪ್ ಮಾಡಿ, ಕಾಯಿಸಿ ಹದ ಹಾಕಿ, ಅದರಿಂದ ನಟ್ಟಿಗೆ ಥ್ರೆಡ್ ಹಾಕಬಹುದೇ, ಅಥವಾ ಸಣ್ಣ ಬೋರಿಂಗ್ ಟೂಲಿನಿಂದಲೇ ಒಳಗಿನ ಥ್ರೆಡ್ ಕತ್ತರಿಸುವುದು ಸುರಕ್ಷಿತವೇ? ಸ್ಕ್ರೂ ನಡುವೆ ಮಾತ್ರ ಸವೆದಿರುವುದರಿಂದ, ಅಲ್ಲಿನ ಅಳತೆಗೆ ನಟ್ ಮಾಡಿದರೆ ತುದಿಗಳಲ್ಲಿ ಸಿಕ್ಕಿಕೊಳ್ಳುತ್ತದೆಂಬ ಭಯವೂ ಇದೆ. ನಟ್ಟನ್ನು ಎರಡು ತುಂಡಾಗಿಸಿ, ನಡುವೆ ಬೆಣೆಯಿಂದ ಅಗಲಿಸಿ ಸಡಿಲು ತೆಗೆಯುವ ವಿಧಾನವನ್ನು ಸ್ವತಃ ಮಾಡಿದವರಿದ್ದರೆ, ಎಷ್ಟು ಬಿಗಿ ಇಟ್ಟಿರೆಂದು ದಯವಿಟ್ಟು ತಿಳಿಸಿ. ಹಳೆಯ ನಟ್ಟನ್ನು ಮತ್ತೆ ಕೂಡಿಸಿ, ಇದೇ ಲೇತಿನಲ್ಲಿ ಹೊಸದನ್ನು ತಯಾರಿಸಬೇಕಾಗಿರುವುದರಿಂದ ಕೆಲಸದ ಕ್ರಮವನ್ನೂ ಹೇಳಿದರೆ ಉಪಕಾರವಾಗುತ್ತದೆ.